ಜಡ್ಜ್‌ಗೇ ಸೈನ್ಸ್ ಗೊತ್ತಿಲ್ದಿದ್ರೆ ಯಾವ ಸೈನ್ಸ್ ಒಳಗೆ ಬಿಡ್ಬೇಕು ಅಂತ ಹೆಂಗೆ ತೀರ್ಮಾನ ಮಾಡ್ತಾರೆ?

ಸುಮ್ನೆ_ಕೇಳ್ದೆ:

ಎಲ್ರಿಗೂ ನಮಸ್ಕಾರ. ನಾನು ಕೆಮಿಸ್ಟ್ರಿ ಓದಿದೋಳು, ಕಾನೂನಿನ ಗಂಧಗಾಳಿ ಇಲ್ಲ, ಪ್ರಶ್ನೆ ಬಾಲಿಶ ಅನ್ಸಿದ್ರೆ ಬೈಬೇಡಿ.

ಅಮೆರಿಕದ ಡೌಬರ್ಟ್ ಕೇಸ್ ಬಗ್ಗೆ ಓದ್ತಾ ಇದ್ದೆ. ಅಲ್ಲಿನ ಸುಪ್ರೀಂ ಕೋರ್ಟ್ 1993ರಲ್ಲಿ ಏನ್ ಹೇಳಿದೆ ಅಂದ್ರೆ, ಎಕ್ಸ್‌ಪರ್ಟ್ ಬಂದು ಜ್ಯೂರಿ (ತೀರ್ಪು ಹೇಳೋಕೆ ಕೂರಿಸೋ ಸಾಮಾನ್ಯ ಜನರ ಗುಂಪು) ಮುಂದೆ ಬಾಯಿ ಬಿಡೋಕೆ ಮುಂಚೆನೇ ಜಡ್ಜ್ ಕೂತು ಈ ಸೈನ್ಸ್ ನಂಬೋ ಹಾಗಿದ್ಯಾ ಇಲ್ವಾ ನೋಡ್ಬೇಕಂತೆ, ಇಲ್ಲ ಅನ್ಸಿದ್ರೆ ಬಾಗಿಲಲ್ಲೇ ತಡೀಬೇಕಂತೆ. ಇದು ನನ್ನ ತಲೆಗೆ ಹೋಗ್ತಿಲ್ಲ. ಜರ್ನಲ್ ರೆಫರಿಗಳೇ ತಿಂಗಳುಗಟ್ಲೆ ಕಿತ್ತಾಡೋ ವಿಷಯನ, ಪಿಯುಸಿ ಆದ್ಮೇಲೆ ಸೈನ್ಸ್ ಪುಸ್ತಕ ಮುಟ್ಟದೇ ಇರೋ ಒಬ್ಬ ಜಡ್ಜ್ ಒಂದು ಮಧ್ಯಾಹ್ನದಲ್ಲಿ ಹೆಂಗೆ ತೀರ್ಮಾನ ಮಾಡ್ತಾರೆ? ಹೋಗ್ಲಿ, ಎಕ್ಸ್‌ಪರ್ಟ್ ಹತ್ರ ಪಿಎಚ್‌ಡಿ ಇದೆ, ಅನುಭವ ಇದೆ, ಅವ್ರು ಹೇಳ್ಲಿ, ಎದುರು ಪಾರ್ಟಿ ವಕೀಲರು ಪಾಟಿ ಸವಾಲಲ್ಲಿ ಜಾಲಾಡ್ಲಿ, ಅಷ್ಟು ಸಾಕಲ್ವಾ?

ಇನ್ನೊಂದು, ನಮ್ಮ ಕೋರ್ಟ್‌ಗಳಲ್ಲೂ ಈ ಥರ ಬಾಗಿಲು ಕಾಯೋ ಪದ್ಧತಿ ಇದ್ಯಾ, ಅಥ್ವಾ ಎಫ್‌ಎಸ್‌ಎಲ್ (ಸರ್ಕಾರಿ ಫೊರೆನ್ಸಿಕ್ ಲ್ಯಾಬ್) ರಿಪೋರ್ಟ್ ಬಂತು ಅಂದ್ರೆ ಕಥೆ ಮುಗೀತಾ?

ಕರಿಕೋಟು_ವಕೀಲ:

ಮೇಡಂ, ಬಾಲಿಶ ಏನಿಲ್ಲ, ಇದೇ ಅನುಮಾನನ ಡೌಬರ್ಟ್ ಕೇಸಲ್ಲೇ ಒಬ್ಬ ಜಡ್ಜ್ ಬರೆದಿಟ್ಟಿದಾರೆ. ಆಗಿನ ಚೀಫ್ ಜಸ್ಟಿಸ್ ರೆನ್‌ಕ್ವಿಸ್ಟ್. ಬಹುಮತದ ತೀರ್ಪಲ್ಲಿ ಒಂದು ಥಿಯರಿನ ಸುಳ್ಳು ಅಂತ ತೋರ್ಸೋಕೆ ಸಾಧ್ಯ ಇರ್ಬೇಕು ಅನ್ನೋ ಮಾತು ಬಂದಿತ್ತು, ಅದಕ್ಕೆ ಇವ್ರು ನನಗಂತೂ ಇದರ ಅರ್ಥ ಆಗ್ತಿಲ್ಲ, ಬೇರೆ ಜಡ್ಜ್‌ಗಳಿಗೂ ಆಗುತ್ತೆ ಅಂತ ಅನ್ಸಲ್ಲ, ಜಡ್ಜ್‌ಗಳನ್ನೆಲ್ಲ ಅರೆಬೆಂದ ವಿಜ್ಞಾನಿಗಳನ್ನಾಗಿ ಮಾಡ್ತೀರಾ ಅನ್ನೋ ಧಾಟಿಲಿ ತಕರಾರು ತೆಗೆದ್ರು.

ಸ್ವಲ್ಪ ಹಿಂದಕ್ಕೆ ಹೋದ್ರೆ ವಿಷಯ ತಿಳಿಯಾಗುತ್ತೆ. 1923ರಲ್ಲಿ ಫ್ರೈ ಅಂತ ಒಂದು ಕೊಲೆ ಕೇಸು. ಆರೋಪಿ ಕಡೆಯವರು ಒಬ್ಬ ಎಕ್ಸ್‌ಪರ್ಟ್‌ನ ಕರ್ಕೊಂಡು ಬಂದ್ರು, ಹೆಸರು ಮಾರ್ಸ್ಟನ್, ಬಿಪಿ ಏರಿಳಿತ ನೋಡಿ ಸುಳ್ಳು ಹೇಳ್ತಿದಾನಾ ನಿಜ ಹೇಳ್ತಿದಾನಾ ಹೇಳ್ತೀನಿ ಅನ್ನೋ ಆಸಾಮಿ (ಆಮೇಲೆ ಈತ ಕಾಮಿಕ್ಸ್ ಬರೆದು ಫೇಮಸ್ ಆದ, ಅದು ಬೇರೆ ಕಥೆ). ಕೋರ್ಟ್ ಬೇಡ ಅಂತು. ಬೇಕಾದ್ರೆ ಜ್ಯೂರಿ ಕಣ್ಣೆದುರಿಗೇ ಟೆಸ್ಟ್ ಮಾಡಿ ತೋರಿಸ್ತೀವಿ ಅಂದ್ರು, ಅದೂ ಬೇಡ ಅಂತು. ಅಪೀಲಲ್ಲಿ ಒಂದೆರಡು ಪುಟದ ತೀರ್ಪು, ಹಿಂದಿನ ಒಂದು ಕೇಸನ್ನೂ ಆಧಾರಕ್ಕೆ ತಗೊಂಡಿಲ್ಲ, ಹೇಳಿದ್ದಿಷ್ಟೆ: ಆ ಕ್ಷೇತ್ರದವರೇ ಸಾಮಾನ್ಯವಾಗಿ ಒಪ್ಪಿರಬೇಕು, ಹಾಗಿದ್ರೆ ಮಾತ್ರ ಒಳಗೆ. ಅಂದ್ರೆ ಜಡ್ಜ್ ಸೈನ್ಸ್ ತಿಳ್ಕೊಳ್ಳೋದೇ ಬೇಡ, ವಿಜ್ಞಾನಿಗಳು ಒಪ್ಪಿದಾರಾ ಅಂತ ತಲೆ ಎಣಿಸಿದ್ರೆ ಸಾಕು. ಈ ರೂಲು ಎಪ್ಪತ್ತು ವರ್ಷ ಓಡ್ತು, ನ್ಯೂಯಾರ್ಕ್ ಥರದ ಕೆಲವು ರಾಜ್ಯಗಳಲ್ಲಿ ಈಗ್ಲೂ ಓಡ್ತಿದೆ.

ಇದ್ರಲ್ಲಿ ಎರಡು ತೊಂದ್ರೆ. ಹೊಸ ಆದ್ರೆ ಸರಿಯಾದ ಸೈನ್ಸ್ ಹೊರಗೇ ಉಳಿಯುತ್ತೆ, ಹಳೆ ಆದ್ರೆ ಟೊಳ್ಳು ವಿದ್ಯೆ ಒಳಗೇ ಇರುತ್ತೆ ಯಾಕಂದ್ರೆ ಅದನ್ನ ಮಾಡೋರೆಲ್ಲ ಅದನ್ನ ಒಪ್ಕೊಂಡೇ ಇರ್ತಾರಲ್ಲ! ಜ್ಯೋತಿಷಿಗಳ ಸಂಘದಲ್ಲಿ ಜ್ಯೋತಿಷ್ಯಕ್ಕೆ ಒಪ್ಪಿಗೆ ಇದ್ಯಾ ಅಂತ ಕೇಳಿದ ಹಾಗೆ.

ಡೌಬರ್ಟ್ ಬಂದಿದ್ದು ಇಲ್ಲಿಗೆ. ಬೆಂಡೆಕ್ಟಿನ್ ಅಂತ ಬಸುರಿಯರ ವಾಂತಿಗೆ ಕೊಡ್ತಿದ್ದ ಮಾತ್ರೆ, ಅದನ್ನ ತಗೊಂಡ ತಾಯಂದಿರ ಇಬ್ರು ಮಕ್ಕಳು ಕೈಕಾಲು ಊನ ಆಗಿ ಹುಟ್ಟಿದ್ರು, ಕಂಪನಿ ಮೇಲೆ ಕೇಸು. ಕಂಪನಿ ಕಡೆ ಎಕ್ಸ್‌ಪರ್ಟ್, 1,30,000ಕ್ಕಿಂತ ಹೆಚ್ಚು ರೋಗಿಗಳ ಮೇಲಾದ 30ಕ್ಕೂ ಹೆಚ್ಚು ಪ್ರಕಟಿತ ಸ್ಟಡಿ ಇದಾವೆ, ಒಂದ್ರಲ್ಲೂ ಮಾತ್ರೆಯಿಂದ ಊನ ಆಗುತ್ತೆ ಅಂತ ಇಲ್ಲ ಅಂದ. ಮಕ್ಕಳ ಕಡೆ ಎಂಟು ಜನ ಎಕ್ಸ್‌ಪರ್ಟು, ಎಲ್ರೂ ಒಳ್ಳೆ ಡಿಗ್ರಿ ಇದ್ದೋರೇ. ಅವ್ರು ಪ್ರಾಣಿಗಳ ಮೇಲಿನ ಪ್ರಯೋಗ, ರಾಸಾಯನಿಕ ರಚನೆ ಹೋಲಿಕೆ, ಜೊತೆಗೆ ಅದೇ ಹಳೆ ಅಂಕಿಅಂಶಗಳನ್ನ ಮತ್ತೆ ಲೆಕ್ಕ ಹಾಕಿ ತಂದಿದ್ರು, ಆ ಮರುಲೆಕ್ಕ ಎಲ್ಲೂ ಪ್ರಕಟ ಆಗಿರ್ಲಿಲ್ಲ. ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತಾ, ಇಲ್ಲ ಕಾಗೆಯಿಂದಾನೇ ಟೊಂಗೆ ಮುರೀತಾ, ಇಷ್ಟೇ ಪ್ರಶ್ನೆ.

ಸುಪ್ರೀಂ ಕೋರ್ಟ್ ಫ್ರೈ ರೂಲ್ ತೆಗೆದುಹಾಕ್ತು. ಒಪ್ಪಿದಾರಾ ಅನ್ನೋದು ಒಂದು ಅಂಶ ಮಾತ್ರ. ಪರೀಕ್ಷೆ ಮಾಡಿ ನೋಡೋಕೆ ಆಗುತ್ತಾ, ಮಾಡಿದಾರಾ, ಬೇರೆಯವ್ರು ಓದಿ ವಿಮರ್ಶೆ ಮಾಡಿದಾರಾ, ತಪ್ಪಾಗೋ ಪ್ರಮಾಣ ಎಷ್ಟು, ಮಾಡೋ ವಿಧಾನಕ್ಕೆ ಒಂದು ನಿಯಮ ಅಂತ ಇದ್ಯಾ, ಇವನ್ನೂ ಜಡ್ಜ್ ನೋಡ್ಲಿ ಅಂತು. ತಮಾಷೆ ಅಂದ್ರೆ ಡೌಬರ್ಟ್ ಕಡೆಯವ್ರು ರೂಲ್ ಬದಲಾಯ್ಸಿ ಗೆದ್ರು, ಕೇಸ್ ಮಾತ್ರ ಸೋತ್ರು. 1995ರಲ್ಲಿ ಕೆಳಗಿನ ಅಪೀಲು ಕೋರ್ಟ್ ಹೊಸ ರೂಲ್ ಹಾಕಿ ನೋಡಿ ಮತ್ತೆ ಎಕ್ಸ್‌ಪರ್ಟ್‌ಗಳನ್ನ ಹೊರಗೇ ಇಡ್ತು. ಈ ಸಂಶೋಧನೆ ಕೇಸಿಗೆ ಅಂತಾನೇ ಹುಟ್ಟಿದ್ದಾ, ಇಲ್ಲ ಮೊದ್ಲಿಂದಾನೂ ನಡೀತಿತ್ತಾ ಅಂತ ಒಂದು ಪ್ರಶ್ನೆ ಅಲ್ಲಿ ಸೇರ್ಕೊಂತು, ನನ್ನ ಪ್ರಕಾರ ಇಡೀ ಪಟ್ಟಿಲಿ ಅತ್ಯಂತ ಉಪಯೋಗದ ಪ್ರಶ್ನೆ ಇದೇ.

ನಿಮ್ಮ ಪಿಎಚ್‌ಡಿ ಪ್ರಶ್ನೆಗೆ ಉತ್ತರ ಇದ್ರಲ್ಲೇ ಇದೆ ನೋಡಿ. ಎಂಟೂ ಜನಕ್ಕೆ ಡಿಗ್ರಿ ಇತ್ತು. ಯಾರು ಹೇಳಿದ್ರು ಅಂತ ಕೇಳಿದ್ರೆ ಎಲ್ರೂ ಪಾಸು. ಹೇಗೆ ಆ ತೀರ್ಮಾನಕ್ಕೆ ಬಂದ್ರಿ ಅಂದಾಗ್ಲೇ ಫೇಲಾಗಿದ್ದು. 1997ರ ಜಾಯ್ನರ್ ಕೇಸಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಖಡಕ್ಕಾಗಿ ಹೇಳ್ತು, ಡೇಟಾಗೂ ತೀರ್ಮಾನಕ್ಕೂ ನಡುವೆ ಇರೋ ಅಂತರನ ಎಕ್ಸ್‌ಪರ್ಟಿನ ಬಾಯಿಮಾತು ಒಂದ್ರಿಂದ ತುಂಬಿಸೋಕೆ ಬರಲ್ಲ ಅಂತ.

ಪಿಪೆಟ್_ಪುಟ್ಟ:

ವಕೀಲ್ರು ಥಿಯರಿ ಚೆನ್ನಾಗಿ ಹೇಳಿದ್ರು. ನಾನು ಲ್ಯಾಬ್ ಕಡೆಯವನು, ನನ್ನ ಸಿಟ್ಟು ಬೇರೆ. ಈ ಬಾಗಿಲು ಕಾಯೋ ಕೆಲಸ ಎಲ್ರಿಗೂ ಒಂದೇ ಥರ ನಡೀತಿಲ್ಲ. ಮಾತ್ರೆ ಕೇಸಲ್ಲಿ ಪಾಪದ ಮಕ್ಕಳ ಎಕ್ಸ್‌ಪರ್ಟ್‌ಗಳನ್ನ ಅಷ್ಟು ಕಟ್ಟುನಿಟ್ಟಾಗಿ ಜರಡಿ ಹಿಡಿದ ದೇಶದಲ್ಲೇ, ಜನರನ್ನ ಜೈಲಿಗೆ ಹಾಕೋ ಕ್ರಿಮಿನಲ್ ಕೇಸ್‌ಗಳಲ್ಲಿ ಪ್ರಾಸಿಕ್ಯೂಷನ್ ಎಕ್ಸ್‌ಪರ್ಟ್ ಅಂದ್ರೆ ಬಾಗಿಲು ತೆಗೆದೇ ಇತ್ತು.

ಕೂದಲಿನ ವಿಷ್ಯ ಹೇಳ್ತೀನಿ. ಡಿಎನ್‌ಎ ಬರೋಕೆ ಮುಂಚೆ ಸ್ಥಳದಲ್ಲಿ ಸಿಕ್ಕಿದ ಕೂದಲನ್ನ, ಆರೋಪಿ ಕೂದಲನ್ನ ಮೈಕ್ರೋಸ್ಕೋಪಲ್ಲಿ ಅಕ್ಕಪಕ್ಕ ಇಟ್ಟು ಬಣ್ಣ, ದಪ್ಪ, ಒಳಗಿನ ಪಿಗ್ಮೆಂಟ್ ಹರಡಿರೋ ರೀತಿ ನೋಡಿ ಹೋಲ್ತಿದೆ ಅಂತ ಹೇಳ್ತಿದ್ರು. ಹೋಲ್ತಿದೆ ಅನ್ನೋವರೆಗೂ ತಕರಾರಿಲ್ಲ. ಆದ್ರೆ ಎಷ್ಟು ಜನರ ಕೂದಲು ಹಂಗೇ ಇರುತ್ತೆ ಅನ್ನೋ ಲೆಕ್ಕನೇ ಯಾರ ಹತ್ರನೂ ಇರ್ಲಿಲ್ಲ. ಕಟಕಟೆ ಹತ್ತಿದ್ಮೇಲೆ ಹೋಲ್ತಿದೆ ಅನ್ನೋದು ಹೋಗಿ ಇವನದೇ ಅನ್ನೋ ಥರ ಮಾತು ಬೆಳೀತಿತ್ತು. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ತನ್ನದೇ ಹಳೆ ಸಾಕ್ಷ್ಯಗಳನ್ನ ತೆಗೆಸಿ ಓದಿ 2015ರಲ್ಲಿ ಹೊರಗೆ ಹಾಕ್ತು: ಆರೋಪಿ ವಿರುದ್ಧ ಕೂದಲು ಸಾಕ್ಷ್ಯ ಹೇಳಿದ 268 ವಿಚಾರಣೆಗಳನ್ನ ನೋಡಿದ್ರೆ 257ರಲ್ಲಿ ತಪ್ಪು ಹೇಳಿಕೆ. 28 ಜನ ಪರೀಕ್ಷಕರಲ್ಲಿ 26 ಜನ ಈ ತಪ್ಪು ಮಾಡಿದ್ರು. ಇವ್ರೇನು ಕಳ್ಳ ಎಕ್ಸ್‌ಪರ್ಟ್‌ಗಳಲ್ಲ ಸ್ವಾಮಿ, ದೊಡ್ಡ ಲ್ಯಾಬಿನ ನುರಿತ ಜನ, ಪಾಟಿ ಸವಾಲೂ ಆಗಿತ್ತು. ಆದ್ರೆ ಡಿಫೆನ್ಸ್ ವಕೀಲ್ರಿಗೆ ಏನ್ ಕೇಳ್ಬೇಕು ಅಂತ್ಲೇ ಗೊತ್ತಿಲ್ದೆ ಇದ್ರೆ ಪಾಟಿ ಸವಾಲಲ್ಲಿ ಏನ್ ಹೊರಗೆ ಬರುತ್ತೆ ಹೇಳಿ.

ಇನ್ನು ತಪ್ಪಾಗೋ ಪ್ರಮಾಣ ಅಂದ್ರಲ್ಲ. ಬೆರಳಚ್ಚು ಅಂದ್ರೆ ದೇವ್ರ ವಾಕ್ಯ ಅಂದ್ಕೊಂಡಿರ್ತೀವಿ. 2016ರಲ್ಲಿ ಅಮೆರಿಕ ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಳಿ ಒಂದು ರಿಪೋರ್ಟ್ ಕೊಡ್ತು, ಬೆರಳಚ್ಚಿಗೆ ವೈಜ್ಞಾನಿಕ ಆಧಾರ ಇದೆ ಅಂತ ಒಪ್ಪಿ, ಜೊತೆಗೆ ತಪ್ಪಾಗಿ ಮ್ಯಾಚ್ ಅನ್ನೋ ಪ್ರಮಾಣ ಒಂದು ಸ್ಟಡಿ ಪ್ರಕಾರ 306ಕ್ಕೆ ಒಂದು, ಇನ್ನೊಂದರ ಪ್ರಕಾರ 18ಕ್ಕೆ ಒಂದರವರೆಗೂ ಹೋಗ್ಬೋದು ಅಂತು. ಕಚ್ಚಿದ ಗುರುತು ನೋಡಿ ಇವನದೇ ಹಲ್ಲು ಅನ್ನೋ ವಿದ್ಯೆಗಂತೂ ಆಧಾರನೇ ಇಲ್ಲ ಅಂತ ಕೈತೊಳ್ಕೊಂತು. 2004ರಲ್ಲಿ ಮ್ಯಾಡ್ರಿಡ್ ರೈಲು ಬಾಂಬ್ ಕೇಸಲ್ಲಿ ಒಂದು ಪ್ಲಾಸ್ಟಿಕ್ ಚೀಲದ ಮೇಲಿನ ಬೆರಳಚ್ಚು ಅಮೆರಿಕದ ಆರೆಗಾನ್ ರಾಜ್ಯದ ಒಬ್ಬ ವಕೀಲರದ್ದೇ ಅಂತ ಎಫ್‌ಬಿಐ ಹಿಡ್ಕೊಂಡು ಒಳಗೆ ಹಾಕಿತ್ತು, ಸ್ಪೇನ್ ಪೊಲೀಸರು ಅದು ಬೇರೆಯವನದು ಅಂತ ಪತ್ತೆ ಮಾಡಿದ್ಮೇಲೆ ಬಿಟ್ರು. ಮೊದಲನೇ ಪರೀಕ್ಷಕ ಮ್ಯಾಚ್ ಅಂದ್ಮೇಲೆ ಮಿಕ್ಕವರೂ ಹೂಂ ಅಂದಿದ್ರು, ಮೊದಲನೆಯವನ ಉತ್ತರ ಅವರಿಗೆ ಗೊತ್ತಿತ್ತು.

ನನಗೆ ಕೇಳಿದ್ರೆ ಡೌಬರ್ಟ್ ಪಟ್ಟಿಲಿ ಪ್ರಕಟಣೆ ಗಿಕಟಣೆಗಿಂತ ಇದೊಂದೇ ಮುಖ್ಯ: ಉತ್ತರ ಗೊತ್ತಿರದ ಸ್ಯಾಂಪಲ್ ಕೊಟ್ಟು ನಿಮ್ಮನ್ನ ಟೆಸ್ಟ್ ಮಾಡಿದಾರಾ, ಮಾಡಿದ್ರೆ ಎಷ್ಟು ಸಲ ತಪ್ಪಿದ್ರಿ. ಇದನ್ನ ಕೇಳೋಕೆ ಜಡ್ಜ್ ವಿಜ್ಞಾನಿ ಆಗಿರ್ಬೇಕಿಲ್ಲ.

ಖಾಲಿ_ಕುರ್ಚಿ:

ಇಷ್ಟೆಲ್ಲ ಯಾಕೆ, ಕೋರ್ಟೇ ಒಬ್ಬ ನ್ಯೂಟ್ರಲ್ ಎಕ್ಸ್‌ಪರ್ಟ್‌ನ ಇಟ್ಕೊಂಡ್ರೆ ಮುಗೀತಲ್ಲ. ದುಡ್ಡು ಕೊಟ್ಟೋರ ಪರ ಹಾಡೋ ಎಕ್ಸ್‌ಪರ್ಟ್‌ಗಳ ಕಾಟನೇ ಇರಲ್ಲ.

ಸರಾಸರಿ_ಮನುಷ್ಯ:

@ಖಾಲಿ_ಕುರ್ಚಿ ದುಡ್ಡು ತಗೊಂಡೋರು ಮಾತ್ರ ತಪ್ಪು ಹೇಳ್ತಾರೆ ಅನ್ನೋದು ನಮ್ಮ ಭ್ರಮೆ. ದೊಡ್ಡ ಹೆಸರು, ಒಳ್ಳೆ ಉದ್ದೇಶ ಎರಡೂ ಇದ್ದು ಅನ್ಯಾಯ ಆಗಿರೋದು ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಕೇಸಲ್ಲಿ. ನಾನು ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡೋನು, ಪ್ರತಿ ಬ್ಯಾಚಿಗೂ ಈ ಕೇಸ್ ಹೇಳ್ತೀನಿ.

ಆ ತಾಯಿಯ ಎರಡು ಹಸುಗೂಸುಗಳು ಒಂದಾದ ಮೇಲೆ ಒಂದು ಹಠಾತ್ತಾಗಿ ತೀರ್ಕೊಂಡ್ವು. ಕೊಲೆ ಆರೋಪ, 1999ರಲ್ಲಿ ಶಿಕ್ಷೆ. ಸಾಕ್ಷಿ ಹೇಳಿದೋರು ದೇಶಕ್ಕೇ ಹೆಸರಾದ ಮಕ್ಕಳ ತಜ್ಞರು. ಅವ್ರ ಲೆಕ್ಕ ಹೀಗೆ: ಇಂಥ ಅನುಕೂಲಸ್ಥ, ಸಿಗರೇಟು ಸೇದದ ಮನೇಲಿ ಮಗು ಕಾರಣ ಇಲ್ದೆ ಸಾಯೋ ಸಾಧ್ಯತೆ 8,543ಕ್ಕೆ ಒಂದು. ಎರಡು ಮಕ್ಕಳು ಅಂದ್ರೆ 8,543ನ ಅದರಿಂದಾನೇ ಗುಣಿಸಿ, 7.3 ಕೋಟಿಗೆ ಒಂದು. ಅಷ್ಟು ಅಪರೂಪ ಅಂದ್ಮೇಲೆ ಕೊಲೆನೇ ಇರ್ಬೇಕು ಅಂತ ಕೇಳೋರಿಗೆ ಅನ್ಸುತ್ತಲ್ಲ.

ಗುಣಿಸೋದು ಯಾವಾಗ ಸರಿ? ಒಂದು ಸಾವಿಗೂ ಇನ್ನೊಂದಕ್ಕೂ ಸಂಬಂಧನೇ ಇಲ್ಲ ಅಂದಾಗ. ಒಂದೇ ಅಪ್ಪ ಅಮ್ಮ, ಒಂದೇ ಮನೆ, ಒಂದೇ ಜೀನ್ಸ್, ಸಂಬಂಧ ಇಲ್ಲ ಅಂತ ಯಾರು ಹೇಳಿದ್ರು? ಒಂದು ಮಗು ಹಂಗೆ ಹೋಗಿದ್ರೆ ಎರಡನೇದಕ್ಕೆ ಅಪಾಯ ಜಾಸ್ತಿನೇ ಇರ್ಬೋದು. ಇದು ಮೊದಲನೇ ಗುಂಡಿ. ಎರಡನೇದು ಇನ್ನೂ ಆಳ. ಎರಡು ಮಕ್ಕಳು ಸಹಜವಾಗಿ ಸಾಯೋದು ಅಪರೂಪ, ಸರಿ, ಆದ್ರೆ ತಾಯಿ ಎರಡು ಮಕ್ಕಳನ್ನ ಕೊಲ್ಲೋದು ಅದಕ್ಕಿಂತ ಮಾಮೂಲಾ? ಮಕ್ಕಳು ಸತ್ತಿರೋದಂತೂ ಆಗಿಹೋಗಿದೆ, ಈಗ ಎರಡು ಅಪರೂಪದ ಕಾರಣಗಳಲ್ಲಿ ಯಾವುದು ಹೆಚ್ಚು ಸಾಧ್ಯ ಅಂತ ತೂಗ್ಬೇಕಿತ್ತು. ತಕ್ಕಡಿಯ ಒಂದೇ ತಟ್ಟೆ ಜ್ಯೂರಿಗೆ ತೋರ್ಸಿದ್ರು.

2001ರಲ್ಲಿ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಈ ಲೆಕ್ಕಕ್ಕೆ ಆಧಾರ ಇಲ್ಲ ಅಂತ ಬಹಿರಂಗವಾಗೇ ಹೇಳ್ತು. 2003ರಲ್ಲಿ ಆಕೆ ಬಿಡುಗಡೆ, ಅದಕ್ಕೂ ಮುಖ್ಯ ಕಾರಣ ಈ ಲೆಕ್ಕ ಅಲ್ಲ, ಎರಡನೇ ಮಗುವಿನ ದೇಹದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿದ್ದ ಲ್ಯಾಬ್ ಫಲಿತಾಂಶನ ಡಿಫೆನ್ಸಿಗೆ ಕೊಟ್ಟೇ ಇರ್ಲಿಲ್ಲ ಅನ್ನೋದು. 2007ರಲ್ಲಿ ಆಕೆ ತೀರಿಹೋದ್ರು.

ಆ ಡಾಕ್ಟರು ಮಕ್ಕಳ ರೋಗದಲ್ಲಿ ಎಕ್ಸ್‌ಪರ್ಟೇ, ಅನುಮಾನ ಇಲ್ಲ. ಅವ್ರು ಹೇಳಿದ್ದು ಸಂಭವನೀಯತೆ ಲೆಕ್ಕ. ಬೇಲಿ ಹಾರಿ ಪಕ್ಕದ ಹೊಲಕ್ಕೆ ಹೋದಾಗ ಯಾರೂ ತಡೀಲಿಲ್ಲ. ನ್ಯೂಟ್ರಲ್ ಎಕ್ಸ್‌ಪರ್ಟ್ ಬಂದ್ರೂ ಇದೇ ಆಗುತ್ತೆ, ಇನ್ನೂ ಕೆಟ್ಟದಾಗಿ ಆಗುತ್ತೆ, ಯಾಕಂದ್ರೆ ಕೋರ್ಟಿನವನೇ ಅಂದ್ಮೇಲೆ ಯಾರೂ ಪ್ರಶ್ನೆ ಕೇಳಲ್ಲ.

ಸುಮ್ನೆ_ಕೇಳ್ದೆ:

ಅಯ್ಯೋ ಆ ಕೇಸ್ ಓದಿ ಹೊಟ್ಟೆಲಿ ಸಂಕಟ ಆಯ್ತು. ಪಿಪೆಟ್ ಅವ್ರೆ, ಗೊತ್ತಿರದ ಸ್ಯಾಂಪಲ್ ಕೊಟ್ಟು ಟೆಸ್ಟ್ ಮಾಡೋದು ನಮ್ಮ ಕ್ಷೇತ್ರದಲ್ಲಿ ಮಾಮೂಲಿ, ಅದಿಲ್ದೆ ರಿಪೋರ್ಟ್ ಕೊಡ್ತಾರೆ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ. ವಕೀಲ್ ಸರ್, ನಮ್ಮ ಕೋರ್ಟ್ ಬಗ್ಗೆ ಕೇಳಿದ್ದು ಹಾಗೇ ಉಳೀತು.

ಕರಿಕೋಟು_ವಕೀಲ:

ಬಂದೆ ಮೇಡಂ, ಕೋರ್ಟಲ್ಲಿದ್ದೆ.

ನಮ್ಮಲ್ಲಿ ಹಳೆ ಎವಿಡೆನ್ಸ್ ಆಕ್ಟ್ 1872ರದ್ದು, ಅದರ 45ನೇ ಸೆಕ್ಷನ್ ಎಕ್ಸ್‌ಪರ್ಟ್ ಅಭಿಪ್ರಾಯದ್ದು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂತು, ಅದ್ರಲ್ಲಿ 39ನೇ ಸೆಕ್ಷನ್. ನಂಬರ್ ಬದಲಾಯ್ತು, ವಿಜ್ಞಾನ ಕಲೆ ಜೊತೆಗೆ ಬೇರೆ ಯಾವುದೇ ಕ್ಷೇತ್ರ ಅಂತ ಸೇರ್ಸಿದ್ರು, ಜೀವಾಳ ಅದೇ: ಆ ವಿಷಯದಲ್ಲಿ ವಿಶೇಷ ಪರಿಣತಿ ಇರೋ ವ್ಯಕ್ತಿಯ ಅಭಿಪ್ರಾಯ ಪ್ರಸ್ತುತ. ಅಂದ್ರೆ ನಮ್ಮ ಕಾನೂನು ಕೇಳೋದು ಯಾರು ಅಂತ, ಡೌಬರ್ಟ್ ಥರ ಹೇಗೆ ಅಂತ ಅಲ್ಲ. ವಿಧಾನ ನಂಬಬೋದಾ ಅಂತ ಮೊದಲೇ ಜರಡಿ ಹಿಡೀಬೇಕು ಅನ್ನೋ ಮಾತು ಸೆಕ್ಷನ್ನಲ್ಲಿ ಎಲ್ಲೂ ಇಲ್ಲ. ಜ್ಯೂರಿನೂ ಇಲ್ಲ, ತಡೆಯೋ ಜಡ್ಜೂ ಕೇಳೋ ಜಡ್ಜೂ ಒಬ್ಬರೇ, ಹಂಗಾಗಿ ಒಳಗೆ ಬಿಟ್ಕೊಂಡು ಆಮೇಲೆ ಎಷ್ಟು ಬೆಲೆ ಕೊಡ್ಬೇಕು ನೋಡಣ ಅನ್ನೋದೇ ರೂಢಿ.

ಇದರ ಮೇಲೆ ಸರ್ಕಾರಿ ಲ್ಯಾಬಿಗೆ ಒಂದು ರಿಯಾಯ್ತಿ. ಕ್ರಿಮಿನಲ್ ಕೇಸ್ ಹೇಗೆ ನಡೆಸ್ಬೇಕು ಅನ್ನೋ ಕಾನೂನಲ್ಲಿ, ಹಳೆ ಸಿಆರ್‌ಪಿಸಿಯ ಸೆಕ್ಷನ್ 293, ಈಗ ಬಿಎನ್‌ಎಸ್‌ಎಸ್‌ನ 329. ಪಟ್ಟಿಲಿರೋ ಸರ್ಕಾರಿ ತಜ್ಞರ ರಿಪೋರ್ಟನ್ನ ಅವ್ರು ಕೋರ್ಟಿಗೆ ಬರದೇನೇ ಸಾಕ್ಷ್ಯ ಅಂತ ಮಾರ್ಕ್ ಮಾಡ್ಬೋದು. ಪಿಪಿ (ಸರ್ಕಾರಿ ವಕೀಲರು) ರಿಪೋರ್ಟ್ ಕೊಡ್ತಾರೆ, ನಂಬರ್ ಬೀಳುತ್ತೆ, ಡಿಫೆನ್ಸ್‌ನೋರು ಸುಮ್ನಿರ್ತಾರೆ, ಮುಗೀತು. ಎಫ್‌ಎಸ್‌ಎಲ್ ಬಂದ್ರೆ ಕಥೆ ಮುಗೀತಾ ಅಂತ ಕೇಳಿದ್ರಲ್ಲ, ಬಹಳ ಕಡೆ ಮುಗಿಯೋದು ಹೀಗೆ.

ಆದ್ರೆ ಸುಪ್ರೀಂ ಕೋರ್ಟ್ ಆಗಾಗ ಕಿವಿ ಹಿಂಡಿದೆ. 1999ರ ಜೈಲಾಲ್ ಕೇಸು, ಹಿಮಾಚಲದ ಸೇಬಿನ ವಿಷ್ಯ. ತೋಟ ನೋಡಿ ಇಷ್ಟು ಇಳುವರಿ ಬರ್ಬೋದಿತ್ತು ಅಂತ ತೋಟಗಾರಿಕೆ ಅಧಿಕಾರಿ ಅಂದಾಜು ಕೊಟ್ಟಿದ್ರು. ಅದಕ್ಕೆ ಕೋರ್ಟ್, ತೀರ್ಮಾನ ಹೇಳಿ ಹೋಗೋದಲ್ಲ, ಆ ತೀರ್ಮಾನ ಸರಿನಾ ಅಂತ ಜಡ್ಜ್ ಸ್ವತಃ ಪರೀಕ್ಷೆ ಮಾಡೋಕೆ ಬೇಕಾದ ವೈಜ್ಞಾನಿಕ ಮಾನದಂಡನೂ ಕೊಡ್ಬೇಕು ಅಂತು. ಡೌಬರ್ಟ್ ಹೆಸರಿಲ್ದೆ ಡೌಬರ್ಟ್ ಮಾತೇ ಅಲ್ವಾ ಇದು?

ಇನ್ನೊಂದು 2022ರ ನವೆಂಬರ್‌ದು, ದೆಹಲಿಯ ಛಾವ್ಲಾ ಕೇಸ್. ಅತ್ಯಾಚಾರ, ಕೊಲೆ, ಮೂವರಿಗೆ ಗಲ್ಲು, ಹೈಕೋರ್ಟೂ ಎತ್ತಿ ಹಿಡಿದಿತ್ತು, ಡಿಎನ್‌ಎ ರಿಪೋರ್ಟ್ ಆರೋಪಿಗಳ ವಿರುದ್ಧನೇ ಇತ್ತು. ಸುಪ್ರೀಂ ಕೋರ್ಟ್ ತಾರೀಕು ನೋಡ್ತು: ಸ್ಯಾಂಪಲ್‌ಗಳನ್ನ ವಶಕ್ಕೆ ತಗೊಂಡಿದ್ದು 2012ರ ಫೆಬ್ರವರಿ 14 ಮತ್ತು 16ಕ್ಕೆ, ಲ್ಯಾಬಿಗೆ ಹೋಗಿದ್ದು 27ಕ್ಕೆ, ಅಲ್ಲೀತನಕ ಠಾಣೆಯ ಮಾಲ್‌ಖಾನೆಲಿ (ವಶಪಡಿಸ್ಕೊಂಡ ವಸ್ತು ಇಡೋ ಕೋಣೆ) ಬಿದ್ದಿತ್ತು. ಕೈಯಾಡಿಸಿಲ್ಲ ಅಂತ ಹೇಳೋಕಾಗಲ್ಲ ಅಂತು. ಅದಕ್ಕಿಂತ ಮುಖ್ಯ, ಡಿಎನ್‌ಎ ತೀರ್ಮಾನದ ಹಿಂದಿನ ಆಧಾರ ಏನು, ತಂತ್ರನ ಸರಿಯಾಗಿ ಬಳಸಿದಾರಾ ಅಂತ ಟ್ರಯಲ್ ಕೋರ್ಟೂ ನೋಡಿಲ್ಲ, ಹೈಕೋರ್ಟೂ ನೋಡಿಲ್ಲ ಅಂತು. ಮೂವರೂ ಖುಲಾಸೆ. ದೇಶವೆಲ್ಲ ಸಿಟ್ಟಾಯ್ತು, ಆ ಸಿಟ್ಟು ಅರ್ಥ ಆಗುತ್ತೆ. ಆದ್ರೆ ಹೇಗೆ ಅನ್ನೋ ಪ್ರಶ್ನೆನ ಟ್ರಯಲ್ಲಲ್ಲೇ ಕೇಳಿದ್ರೆ ಹತ್ತು ವರ್ಷ ಆದ್ಮೇಲೆ ಸುಪ್ರೀಂ ಕೋರ್ಟಲ್ಲಿ ಕೇಳೋ ಗತಿ ಬರ್ತಿರ್ಲಿಲ್ಲ, ನಿಜವಾದ ಅಪರಾಧಿ ಯಾರೇ ಇರ್ಲಿ ಅವನಿಗೆ ಇದ್ರಿಂದ ಲಾಭ.

ಸುಳ್ಳು ಪತ್ತೆ ಯಂತ್ರ ನಮ್ಮಲ್ಲೂ ಬಂದಿತ್ತು, 2010ರ ಸೆಲ್ವಿ ವರ್ಸಸ್ ಕರ್ನಾಟಕ ರಾಜ್ಯ. ನಾರ್ಕೋ, ಪಾಲಿಗ್ರಾಫ್, ಬ್ರೈನ್ ಮ್ಯಾಪಿಂಗ್ ಮೂರನ್ನೂ ಒಪ್ಪಿಗೆ ಇಲ್ದೆ ಮಾಡೋ ಹಾಗಿಲ್ಲ ಅಂತು. ಆದ್ರೆ ಮುಖ್ಯ ಕಾರಣ ಸೈನ್ಸ್ ದುರ್ಬಲ ಅಂತಲ್ಲ, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳೋಕೆ ಒತ್ತಾಯ ಮಾಡ್ಬಾರ್ದು ಅನ್ನೋ ಸಂವಿಧಾನದ 20(3).

ಪಿಪೆಟ್_ಪುಟ್ಟ:

ವಕೀಲ್ರೆ, ಮಾಲ್‌ಖಾನೆ ಕಥೆ ಹೇಳಿದ್ದಕ್ಕೆ ಥ್ಯಾಂಕ್ಸ್. ತೇವ ಇರೋ ಬಟ್ಟೆನ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಸೀಲ್ ಹಾಕಿ ಕಳಿಸಿದ್ರೆ ಒಳಗೆ ಬೂಷ್ಟು ಬಂದು ಡಿಎನ್‌ಎ ಹಾಳಾಗಿರುತ್ತೆ, ಆಮೇಲೆ ಲ್ಯಾಬಿನೋರು ಸರಿ ಇಲ್ಲ ಅಂತ ನಮಗೆ ಬೈಗುಳ. ಒಣಗಿಸಿ ಪೇಪರ್ ಕವರಲ್ಲಿ ಹಾಕಿ ಅಂತ ಹೇಳಿ ಹೇಳಿ ಸಾಕಾಯ್ತು. ಈಗ ಬಿಎನ್‌ಎಸ್‌ಎಸ್ 176(3)ರ ಪ್ರಕಾರ ಏಳು ವರ್ಷ ಅಥವಾ ಹೆಚ್ಚು ಶಿಕ್ಷೆ ಇರೋ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರೇ ಸ್ಥಳಕ್ಕೆ ಹೋಗ್ಬೇಕು, ರಾಜ್ಯಗಳಿಗೆ ಜಾರಿ ಮಾಡೋಕೆ ಐದು ವರ್ಷ ಟೈಮ್ ಇದೆ. ಅಷ್ಟು ಜನ ಎಲ್ಲಿಂದ ತರ್ತಾರೋ ಅವರಿಗೇ ಗೊತ್ತು.

ಸುಮ್ನೆ_ಕೇಳ್ದೆ:

ಹಾಗಾದ್ರೆ ನಮ್ಮಲ್ಲಿ ಡಿಫೆನ್ಸ್ ಕಡೆಯೋರು ಹೇಗೆ ಅಂತ ಕೇಳೋಕೆ ದಾರಿ ಇದ್ಯಾ? ಕಾನೂನೇ ಕೇಳಲ್ಲ ಅಂದ್ಮೇಲೆ?

ಕರಿಕೋಟು_ವಕೀಲ:

ಇದೆ, ಬಳಸೋರು ಕಮ್ಮಿ. ಅದೇ 329ರಲ್ಲಿ ಕೋರ್ಟ್ ಬೇಕಾದ್ರೆ ತಜ್ಞರನ್ನ ಕರೆಸ್ಬೋದು ಅಂತ ಇದೆ, ಅದಕ್ಕೆ ಅರ್ಜಿ ಹಾಕ್ಬೇಕು. ಸಾಕ್ಷ್ಯ ಅಧಿನಿಯಮದ 45ನೇ ಸೆಕ್ಷನ್, ಹಳೆ 51, ಅಭಿಪ್ರಾಯ ಯಾವ ಆಧಾರದ ಮೇಲೆ ಬಂತು ಅನ್ನೋದೂ ಪ್ರಸ್ತುತ ಅನ್ನುತ್ತೆ, ಎಕ್ಸ್‌ಪರ್ಟ್ ತಾನು ಮಾಡಿದ ಪ್ರಯೋಗದ ವಿವರ ಹೇಳ್ಬೋದು ಅಂತ ಉದಾಹರಣೆನೂ ಅದ್ರ ಕೆಳಗೇ ಇದೆ. ಅದನ್ನ ಹಿಡ್ಕೊಂಡು ವರ್ಕ್‌ಶೀಟ್ ಕೇಳಿ, ಡಿಎನ್‌ಎ ಆದ್ರೆ ಗ್ರಾಫ್ ಕೇಳಿ, ಸೀಲ್ ಯಾವ ತಾರೀಕು ಯಾರು ಒಡೆದ್ರು ಕೇಳಿ, ಸ್ಯಾಂಪಲ್ ಯಾರದ್ದು ಅಂತ ಪರೀಕ್ಷೆಗೆ ಮುಂಚೆನೇ ಗೊತ್ತಿತ್ತಾ ಕೇಳಿ. ಎರಡು ಪುಟದ ರಿಪೋರ್ಟಿನ ಕೊನೇ ಸಾಲು ಮಾತ್ರ ಓದಿ ಮನೆಗೆ ಹೋಗ್ಬೇಡಿ.

ನಿಮ್ಮಂಥ ಕೆಮಿಸ್ಟ್ರಿಯೋರು ವರ್ಕ್‌ಶೀಟ್ ಓದೋಕೆ ಜೊತೆಗಿದ್ರೆ ನಮ್ಮ ಪಾಟಿ ಸವಾಲಿನ ಅರ್ಧ ಕೆಲಸ ಹಗುರ ಆಗುತ್ತೆ ಮೇಡಂ, ತಮಾಷೆಗೆ ಹೇಳ್ತಿಲ್ಲ. ಮನಸ್ಸಿದ್ರೆ ಮೆಸೇಜ್ ಮಾಡಿ.